ಒಳಗ ಹೋತಂದ್ರ

ಘಂಟಿಕೇರಿಯ ನಮ್ಮ ಅಂಗಡಿಯ ಬೋರ್ಡಿನ ಮೇಲೆ
ಬಂದೂಕಿನ ಚಿತ್ರ ಇತ್ತಂತೆ.
ಮಳೆಗೆ ಅಳಿಸಿತು. ಮಾವ ಮತ್ತೆ ಬರೆಸಲಿಲ್ಲ.
'ಬೇಕಾದವರಿಗೆ ಗೊತ್ತೈತಿ, ಬ್ಯಾಡಾದವರಿಗೆ ಯಾಕ?'
ನಾನು ರಿಜಿಸ್ಟರು ಬರೆಯುವಾಕಿ.
ಲೈಸೆನ್ಸಿನ ನಂಬರು, ಗುಂಡಿನ ಲೆಕ್ಕ,
ಓದಲು ಬಾರದ ಸಹಿಯ ಪಕ್ಕ
ಓದಲು ಬರುವ ಹೆಸರು.

ಮಂಗಳವಾರ ಬ್ಯಾಡಗಿಯಿಂದ ಬಂದವನು
ಮೆಣಸಿನಕಾಯಿ ದಲಾಲ, ಚನ್ನವೀರಪ್ಪ ಮೋಟೆಬೆನ್ನೂರ.
ಅವನ ಅಂಗಿಯ ಘಾಟಿಗೆ ನಾನು ಮೂರು ಸಲ ಸೀನಿದೆ.
ಟವೆಲ್ಲು ಬಿಚ್ಚಿದ: ಅಜ್ಜನ ರಿವಾಲ್ವರು,
ನಡು ಮುರಿದು ಬಾಯಿ ತೆರೆಯುವಂಥದು,
ಹಿಡಿಕೆಯೊಳಗೆ ಮೂರು ತಲೆಮಾರಿನ ಬೆವರು.
ಕಿಸೆಯಿಂದ ಕರ್ಚೀಫಿನ ಗಂಟು, ಹೊಳೆಯುವ ಆರು ಗುಂಡು.
'ಇದರ ಮ್ಯಾಲೂ ಮೂವತ್ತೆರಡು, ಅದರ ಮ್ಯಾಲೂ ಮೂವತ್ತೆರಡು.
ಹಾಕಿ ನೋಡೇನಿ. ಬೆಣ್ಣ್ಯಾಗ ಬೆರಳಿಟ್ಟಂಗ ಹೋತು.'

ಮಾವ, ಮೌನೇಶಪ್ಪ ಪತ್ತಾರ, ಉತ್ತರ ಕೊಡಲಿಲ್ಲ.
ಐದೂ ಮನೆ ಖಾಲಿ ಇವೆಯೇ ಎಂದು
ಕಣ್ಣಿಂದ ಒಮ್ಮೆ, ಬಿದಿರುಕಡ್ಡಿಯಿಂದ ಒಮ್ಮೆ ಎಣಿಸಿದ.
ಹಲ್ಲುಜ್ಜುವ ಹಳೇ ಬ್ರಶ್ಶಿಗೆ ಸೀಮೆಎಣ್ಣೆ ಅದ್ದಿ
ನಳಿಗೆಯ ಬದಿಯ ಕಿಟ್ಟ ತಿಕ್ಕಿದ.
ಅಕ್ಷರ ಒಂದೊಂದಾಗಿ ಎದ್ದವು,
ಮೂವತ್ತೆರಡರ ಮುಂದೆ ಇನ್ನೂ ಒಂದು ಹೆಸರು.
ಗುಂಡಿನ ಬುಡ ತಿರುಗಿಸಿದ: ಅಲ್ಲಿ ಬೇರೆಯೇ ಹೆಸರು.

'ಇದು ಪಿಸ್ತೂಲಿನದು. ಎಲ್ಲಿಂದ ಬಂತು?'
'ತಮ್ಮನ ಡಬ್ಬ್ಯಾಗಿಂದ.'
'ತಮ್ಮನ ಲೈಸೆನ್ಸಿನ ಗುಂಡು ನಿನ್ನ ಕಿಸೆದಾಗ ಯಾಕ?'
ಚನ್ನವೀರಪ್ಪ ಫ್ಯಾನಿನ ಕಡೆ ನೋಡಿದ.

ಮಾವ ಕಪಾಟಿನಿಂದ ಪೇಪರವೇಟು ತಂದಿಟ್ಟ.
ನನಗೆ ಬಾಲ್ಯದಿಂದ ಅದು ಪೇಪರವೇಟೇ,
ಲೈಸೆನ್ಸಿನ ಕಾಗದ ಹಾರದಂತೆ ಕೂಡುವ ಕಬ್ಬಿಣದ ದಾಳಿಂಬೆ.
ಅದು ಸೀಳಿದ ಸಿಲಿಂಡರು ಎಂದು ಗೊತ್ತಾದದ್ದು
ಮಾವನ ಎಡಗೈಯ ಅರ್ಧ ಬೆರಳು
ಎಲ್ಲಿ ಹೋಯಿತೆಂದು ಅತ್ತೆ ಹೇಳಿದ ದಿನ.

'ಒಳಗ ಹೋತಂದ್ರ ಒಪ್ಪಿತು ಅಂತಲ್ಲಪಾ.
ಇದು ಕರೀಮದ್ದಿನ ಕಾಲದ್ದು,
ಅದು ಮೆಲ್ಲಕ ನೂಕೂದು. ಈಗಿನ ಮದ್ದು ಒಮ್ಮೆಲೆ ಒದಿತೈತಿ.
ನಿನ್ನ ವ್ಯಾಪಾರದಾಗ ನೀನ ಹೇಳು,
ಬ್ಯಾಡಗಿ ಕಡ್ಡೀನೂ ಕೆಂಪು, ಗುಂಟೂರೂ ಕೆಂಪು.
ಒಂದ ಅಳತಿಗೆ ಸಾರಿಗೆ ಹಾಕ್ತಿ ಏನು?'

ದಲಾಲ ನಕ್ಕ. ಆಮೇಲೆ ನಗುವುದು ನಿಲ್ಲಿಸಿ
ಸೀಳಿದ ಕಬ್ಬಿಣದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ,
ಚೀಲದ ಕಾಯಿ ಮುರಿದು ಬೀಜ ನೋಡುವಾಗ ಆಡಿಸುವಂತೆ.

ಮಾವ ಕೀಲು ಅಲುಗಿಸಿ ತೋರಿಸಿದ: ಸಡಿಲ.
ಇದಕ್ಕೆ ಸರಿಯಾದ ಗುಂಡು ಸಿಕ್ಕರೂ ಹಾರಿಸಬೇಡ ಎಂದ.
ಕಾನಪುರದ ಹೊಸದು ಬೇಕಾದರೆ ಅರ್ಜಿ ಹಾಕು,
ಅದಕ್ಕೆ ಉದ್ದನೆಯ ರಿವಾಲ್ವರಿನ ಗುಂಡು,
ಅದರ ಪುಸ್ತಕದಲ್ಲಿ ಬರೆದದ್ದು, ಡಬ್ಬಿಯ ಮೇಲೆ ಬರೆದದ್ದು,
ಎರಡೂ ಅಕ್ಷರಕ್ಕೆ ಅಕ್ಷರ ಕೂಡಬೇಕು.
ಕೂಡದಿದ್ದರೆ ಕೇಳು. ಕೇಳಲು ನಾಚಿಕೆಯಾದರೆ
ಬೆರಳು ಎಣಿಸಿಕೊ.

ಆ ದಿನದ ಸಾಲಿನಲ್ಲಿ ನಾನು ಬರೆದೆ:
ಮಾರಾಟ, ಇಲ್ಲ.
ಗಿರಾಕಿ ಬರಿಗೈಯಲ್ಲಿ ಹೋದ ದಿನ
ಮಾವ ಎರಡು ಸಲ ಚಹಾ ತರಿಸುತ್ತಾನೆ.

ಹದಿನೈದು ದಿನಕ್ಕೆ ಲಾರಿಯವನ ಕೈಲಿ ಎರಡು ಪೊಟ್ಟಣ ಬಂದವು,
ಹೊಲಿದ ಬಾಯಿ, ಮೇಲೆ ಇಂಕಿನ ದಪ್ಪ ಅಕ್ಷರ.
ಒಂದರ ಮೇಲೆ: ಕಡ್ಡಿ, ಬಣ್ಣಕ್ಕ.
ಇನ್ನೊಂದರ ಮೇಲೆ: ಗುಂಟೂರು, ನೋಡಿ ಹಾಕ್ರಿ.
ಅತ್ತೆ ಕನ್ನಡಕ ಹುಡುಕಿ
ಎರಡನ್ನೂ ಎರಡೆರಡು ಸಲ ಓದಿದಳು.